ಶಾರ್ಕ್ ವೇಷದ ಕುಳ್ಳ ತಿಮಿಂಗಿಲ

1824ರಲ್ಲಿ ಕಿತ್ತೂರು ಚೆನ್ನಮ್ಮನ ಸೈನ್ಯಕ್ಕೆ ಸೆರೆಸಿಕ್ಕ ಇಬ್ಬರು ಬ್ರಿಟಿಷ್ ಅಧಿಕಾರಿಗಳ ಹೆಸರು ನೆನಪಿದೆಯಾ? ಸ್ಟೀವನ್‌ಸನ್ ಮತ್ತು ಎಲಿಯಟ್. ಈ ವಾಲ್ಟರ್ ಎಲಿಯಟ್‌ಗೆ ನಮ್ಮ ಕನ್ನಡ ಶಾಸನಗಳ ಹುಚ್ಚು, ಜೊತೆಗೆ ಪ್ರಾಣಿಗಳ ಹುಚ್ಚು. ಮುಂದೆ ವಿಶಾಖಪಟ್ಟಣದ ಕಡಲಲ್ಲಿ ಸಿಕ್ಕ ಒಂದು ಸಣ್ಣ ತಿಮಿಂಗಿಲದ ತಲೆಬುರುಡೆಯನ್ನು ಆತ ಸಂಗ್ರಹಿಸಿದ. 1866ರಲ್ಲಿ ರಿಚರ್ಡ್ ಓವೆನ್ ಅದಕ್ಕೆ 'ಸೈಮಸ್', ಅಂದ್ರೆ ಮೊಂಡು ಮೂಗಿನದು, ಅಂತ ಹೆಸರಿಟ್ಟರು. ಅದೇ ಡ್ವಾರ್ಫ್ ಸ್ಪರ್ಮ್ ವೇಲ್.

ಆಮೇಲಿನ ಕಥೆ ನಮ್ಮ ಡೇಟಾಬೇಸ್‌ಗಳ ಕಥೆಯ ಹಾಗೇ ಇದೆ. ಇದಕ್ಕೊಬ್ಬ ಜೋಡಿದಾರ ಇದ್ದಾನೆ, ಪಿಗ್ಮಿ ಸ್ಪರ್ಮ್ ವೇಲ್. ಡೂಪ್ಲಿಕೇಟ್ ಎಂಟ್ರಿ ಅಂದ್ಕೊಂಡು ವಿಜ್ಞಾನಿಗಳು ಎರಡನ್ನೂ ಮರ್ಜ್ ಮಾಡಿಬಿಟ್ಟರು. ಮತ್ತೆ ಬೇರೆ ಮಾಡಿದ್ದು 1966ರಲ್ಲಿ. ಅಲ್ಲಿಗೆ ನೂರು ವರ್ಷ! ಹಾಗಾಗಿ ಹಳೆಯ ದಾಖಲೆಗಳಲ್ಲಿ ಯಾವುದು ಯಾವುದು ಅಂತ ಹೇಳೋದು ಇವತ್ತಿಗೂ ಕಷ್ಟ.

ನೋಡಿ ಗುರುತಿಸೋಣ ಅಂದ್ರೆ ಅದು ಕಾಣಿಸೋದೇ ಅಪರೂಪ. ಸ್ಕ್ವಿಡ್ ಹುಡುಕುತ್ತಾ ನೂರಾರು ಮೀಟರ್ ಆಳಕ್ಕೆ ಇಳಿಯುತ್ತದೆ. ಮೇಲೆ ಬಂದರೂ ಮರದ ದಿಮ್ಮಿಯಂತೆ ಸುಮ್ಮನೆ ತೇಲಿ, ಸದ್ದಿಲ್ಲದೆ ಮುಳುಗುತ್ತದೆ. ಕಣ್ಣಿನ ಹಿಂದೆ ಕಿವಿರಿನಂತೆ ಕಾಣುವ ಬಿಳಿ ಗೆರೆ, ತಲೆಯ ಕೆಳಗೆ ಪುಟ್ಟ ಬಾಯಿ. ಥೇಟ್ ಶಾರ್ಕ್! ಹೆದರಿದರೆ ಕರುಳಿನಿಂದ ಕೆಂಗಂದು ದ್ರವ ಬಿಟ್ಟು ನೀರನ್ನೇ ರಾಡಿ ಮಾಡಿ ಪರಾರಿ.

ಸದ್ದು ಕೇಳಿ ಹಿಡಿಯೋಣ ಅಂದ್ರೆ ಅದರ ಕ್ಲಿಕ್ ಸುಮಾರು 130 ಕಿಲೋಹರ್ಟ್ಸ್. ನಮ್ಮ ಕಿವಿ 20ಕ್ಕೇ ಸುಸ್ತು. ಅದನ್ನು ರೆಕಾರ್ಡ್ ಮಾಡಲು ಸೆಕೆಂಡಿಗೆ 2.6 ಲಕ್ಷಕ್ಕೂ ಹೆಚ್ಚು ಸ್ಯಾಂಪಲ್ ಬೇಕು. ಮಾಮೂಲಿ ಆಡಿಯೋ ತೆಗೆದುಕೊಳ್ಳುವುದು 44,100. ಬೇಟೆಗಾರ ಓರ್ಕಾಗೂ ಅಷ್ಟು ಎತ್ತರದ ಸದ್ದು ಸರಿಯಾಗಿ ಕೇಳಿಸೋದಿಲ್ಲ. ಇಷ್ಟೆಲ್ಲ ಮಾಡಿ ಹಿಡಿದರೂ ಎರಡೂ ಜಾತಿಯ ಕ್ಲಿಕ್ ಬಹುತೇಕ ಒಂದೇ ಥರ.

ಹೀಗಾಗಿ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ದಡಕ್ಕೆ ಬಿದ್ದ ಹೆಣಗಳಿಂದಲೇ. ಅಲ್ಲೂ ಮೊದಲು ನೋಡಬೇಕಾದ್ದು ಬೆನ್ನಿನ ರೆಕ್ಕೆ. ಡ್ವಾರ್ಫ್‌ಗೆ ಅದು ಡಾಲ್ಫಿನ್‌ನಂತೆ ಎತ್ತರ, ಬೆನ್ನಿನ ನಡುಭಾಗದಲ್ಲಿ. ಪಿಗ್ಮಿಗೆ ಚಿಕ್ಕದು, ಇನ್ನೂ ಹಿಂದಕ್ಕೆ. ಉದ್ದ ಡ್ವಾರ್ಫ್‌ಗೆ 2.7 ಮೀಟರ್ ದಾಟುವುದು ಅಪರೂಪ, ಪಿಗ್ಮಿ 3.5ರವರೆಗೂ ಬೆಳೆಯುತ್ತದೆ. ಕೆಳದವಡೆಯ ಹಲ್ಲನ್ನೂ ಎಣಿಸುತ್ತಾರೆ, ಆದರೆ ಅದು ಬಲ್ಲವರ ಕೆಲಸ.

ಕಾರವಾರಕ್ಕೋ ಮಲ್ಪೆಗೋ ವೀಕೆಂಡ್ ಹೋದಾಗ ಇಂಥದ್ದು ದಡದಲ್ಲಿ ಕಂಡರೆ ಸೆಲ್ಫಿ ಬೇಡ. ಪಕ್ಕದಿಂದ ಇಡೀ ದೇಹದ ಒಂದು ಫೋಟೋ, ರೆಕ್ಕೆಯದ್ದೊಂದು ಫೋಟೋ ತೆಗೀರಿ. ಅಳತೆಗೆ ಪಕ್ಕದಲ್ಲಿ ಚಪ್ಪಲಿ ಇಟ್ಟರೂ ಸಾಕು. ಆಮೇಲೆ ಅರಣ್ಯ ಇಲಾಖೆಗೆ ಫೋನ್ ಮಾಡಿ. ಜೀವ ಇದ್ದರೆ ಮಾತ್ರ ಫೋನ್ ಮೊದಲು, ಫೋಟೋ ಆಮೇಲೆ.