ಒಳಕೋಣೆಯ ಕಚೇರಿ

2020ರಲ್ಲಿ ಲಾಕ್‌ಡೌನ್ ಬಂದಾಗ ಬೆಂಗಳೂರಿನಿಂದ ಅಜ್ಜಂಪುರದ ಕಡೆಗೆ ಹಿಂದಿರುಗಿದ ಮಕ್ಕಳಲ್ಲಿ ನಮ್ಮ ಮಗನೂ ಒಬ್ಬ. ಅವನದು ಕಂಪ್ಯೂಟರಿನ ಕೆಲಸ. ಗದ್ದಲವಾಗದಿರಲೆಂದು ರಾಗಿ, ಕೊಬ್ಬರಿಯ ಮೂಟೆಗಳಿದ್ದ ಒಳಕೋಣೆಯನ್ನು ತೆರವು ಮಾಡಿಕೊಟ್ಟೆವು. ಹಳೆಯ ಮನೆಗಳ ಒಳಕೋಣೆಗೆ ಕಿಟಕಿಯೆಂಬುದು ಹೆಸರಿಗಷ್ಟೇ. ದವಸ ಭದ್ರವಾಗಿರಲೆಂದು ಹಿರಿಯರು ಕಟ್ಟಿದ ಕೋಣೆ ಅದು. ಮನುಷ್ಯ ದಿನವಿಡೀ ಕೂರಲೆಂದಲ್ಲ.

ಎರಡು ತಿಂಗಳಲ್ಲಿ ತಲೆನೋವು, ಕಣ್ಣುರಿ. ರಾತ್ರಿ ಎರಡಾದರೂ ನಿದ್ರೆಯಿಲ್ಲ, ಬೆಳಿಗ್ಗೆ ಎಂಟಾದರೂ ಏಳಲಾರ. ಪಟ್ಟಣದ ಸೋಮಾರಿತನವೆಂದು ನಾವು ಗದರಿದೆವು. ಆ ಮಾತುಗಳನ್ನು ನೆನೆದರೆ ಈಗ ಸಂಕೋಚವಾಗುತ್ತದೆ.

ಕಣ್ಣು ಇರುವುದು ನೋಡಲು ಮಾತ್ರವಲ್ಲ. ಹಗಲಾವುದು, ಇರುಳಾವುದು ಎಂದು ದೇಹಕ್ಕೆ ತಿಳಿಸುವುದೂ ಅದೇ. ಈ ಕೆಲಸಕ್ಕೆ ನೆರವಾಗುವ ಪ್ರತ್ಯೇಕ ಜೀವಕೋಶಗಳು ಅಕ್ಷಿಪಟಲದಲ್ಲಿರುವುದನ್ನು 2002ರಲ್ಲಿ ಅಮೆರಿಕದ ಡೇವಿಡ್ ಬರ್ಸನ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಬೆಳಕನ್ನು ಅಳೆಯುವ ಮಾನ ಲಕ್ಸ್. ಬಯಲಿನ ಬಿಸಿಲಿನಲ್ಲಿ ಅದು ಸುಮಾರು 1 ಲಕ್ಷ. ಮೋಡ ಕವಿದ ಹಗಲಿನಲ್ಲೂ ಹಲವು ಸಾವಿರ. ಓದುಬರಹದ ಮೇಜಿಗೆ 300ರಿಂದ 500 ಬೇಕೆನ್ನುತ್ತಾರೆ. ಒಂದೇ ಬಲ್ಬಿನ ಕೋಣೆಯಲ್ಲಿ ನೂರರ ಆಸುಪಾಸಿದ್ದರೆ ಹೆಚ್ಚು. ಹಗಲೆಲ್ಲ ಮಂಕು ಬೆಳಕಿನಲ್ಲಿದ್ದು, ರಾತ್ರಿ ಪ್ರಖರವಾದ ಬಿಳಿ ದೀಪದಡಿ ಪರದೆ ನೋಡುತ್ತ ಕುಳಿತರೆ ನಿದ್ರೆಯ ವೇಳೆಯನ್ನು ಸೂಚಿಸುವ ಮೆಲಟೋನಿನ್ ತಡವಾಗಿ ಸ್ರವಿಸುತ್ತದೆ. ನಮ್ಮ ಹುಡುಗನಿಗೆ ಹಗಲೂ ಇರಲಿಲ್ಲ, ಇರುಳೂ ಇರಲಿಲ್ಲ.

ದಾರಿ ತೋರಿದವರು ನಮ್ಮ ತಾಯಿಯವರು. “ಅಕ್ಕಿ ಆರಿಸೋಕೆ ನಾನು ಯಾವತ್ತಾದ್ರೂ ಆ ಕೋಣೆಗೆ ಹೋಗಿದ್ದು ಕಂಡಿದ್ದೀಯೇನಪ್ಪಾ?” ಎಂದರು. ಅವರು ಕೂರುತ್ತಿದ್ದುದು ಪಡಸಾಲೆಯ ಕಿಟಕಿಯ ಬಳಿ. ಮೇಜು ಅಲ್ಲಿಗೆ ಬಂತು. ಕಿಟಕಿ ಬೆನ್ನಿಗಿದ್ದರೆ ಪರದೆಯಲ್ಲಿ ಪ್ರತಿಬಿಂಬ, ಎದುರಿಗಿದ್ದರೆ ಕಣ್ಣು ಕೋರೈಸುತ್ತದೆ. ಆದ್ದರಿಂದ ಎಡಮಗ್ಗುಲಿಗೆ ಬರುವಂತೆ ಇಟ್ಟೆವು. ಇಳಿಹೊತ್ತಿನ ಬಿಸಿಲಿಗೆ ಹಳೆಯ ಪಂಚೆಯೊಂದು ತೆರೆಯಾಯಿತು. ಸಂಜೆಯ ಕೆಲಸಕ್ಕೆ ಹಳದಿ ಬೆಳಕಿನ ಮೇಜುದೀಪ ತಂದೆವು. ಬಲ್ಬಿನ ಡಬ್ಬಿಯ ಮೇಲೆ 6500 ಕೆಲ್ವಿನ್ ಎಂದಿದ್ದರೆ ಅದು ನೀಲಿ ಬೆರೆತ ಬಿಳಿ. 2700 ಎಂದಿದ್ದರೆ ಹಳದಿ. ಅಂಗಡಿಯಲ್ಲಿ ಕೇಳದಿದ್ದರೆ ಬಿಳಿಯದನ್ನೇ ಕೊಡುತ್ತಾರೆ.

ಹಿರಿಯರಿಗೂ ಒಂದು ಮಾತು. ಅರವತ್ತು ದಾಟಿದವರ ಅಕ್ಷಿಪಟಲಕ್ಕೆ ತಲುಪುವುದು ಇಪ್ಪತ್ತರ ಹರೆಯದವರಿಗೆ ತಲುಪುವ ಬೆಳಕಿನ ಸುಮಾರು ಮೂರನೆಯ ಒಂದು ಭಾಗ. ರಾತ್ರಿ ಜಮಾಖರ್ಚು ಬರೆಯುವಾಗ ಲೇಖನಿಯನ್ನು ದೂರುವ ನಮ್ಮಂಥವರು ಇದನ್ನು ಗಮನಿಸಬೇಕು.

ಬೆಳಕೊಂದರಿಂದಲೇ ಎಲ್ಲವೂ ವಾಸಿಯಾಯಿತೆನ್ನಲಾರೆವು; ಕಣ್ಣಿನ ವೈದ್ಯರಿಗೂ ತೋರಿಸಿದೆವು. ತಲೆನೋವು ತಿಂಗಳೊಳಗೆ ಇಳಿಯಿತು, ನಿದ್ರೆ ಹದಕ್ಕೆ ಬರಲು ಇನ್ನಷ್ಟು ವಾರಗಳು ಹಿಡಿದವು. ಮೂಟೆಗಳು ಒಳಕೋಣೆಗೆ ಮರಳಿದವು. ಪಡಸಾಲೆಯ ಕಿಟಕಿಗೆ ಮಾತ್ರ ಆ ವರ್ಷ ಇಬ್ಬರು ಹಕ್ಕುದಾರರಾದರು. ಮೊರ ಹಿಡಿದು ಬರುವ ಅಜ್ಜಿಗೆ ಮೊಮ್ಮಗ ಬೆಳಿಗ್ಗೆ ಒಂಬತ್ತರವರೆಗೆ ಜಾಗ ಬಿಡುತ್ತಿದ್ದ.