ದೂರದ ಶಾಖೆಯೂ ವಿಶ್ವಾಸದ ಲೆಕ್ಕವೂ

ವಾಣಿಜ್ಯ ಪದವಿಯ ತರಗತಿಯಲ್ಲಿ ಶಾಖಾ ಲೆಕ್ಕಗಳ ಅಧ್ಯಾಯವನ್ನು ಓದಿದವರಿಗೆ ಒಂದು ಸಂಗತಿ ನೆನಪಿರಬಹುದು. ಪ್ರಧಾನ ಕಚೇರಿಯ ಪುಸ್ತಕದಲ್ಲಿ ಶಾಖೆಯ ಖಾತೆ ತೋರಿಸುವ ಶಿಲ್ಕಿಗೂ ಶಾಖೆಯ ಪುಸ್ತಕದಲ್ಲಿ ಪ್ರಧಾನ ಕಚೇರಿಯ ಖಾತೆ ತೋರಿಸುವ ಶಿಲ್ಕಿಗೂ ವರ್ಷಾಂತ್ಯದಲ್ಲಿ ಸಾಮಾನ್ಯವಾಗಿ ತಾಳೆಯಾಗುವುದಿಲ್ಲ. ಬಹುತೇಕ ಸಂದರ್ಭಗಳಲ್ಲಿ ಇದಕ್ಕೆ ಕಾರಣ ಮೋಸವಲ್ಲ. ಇಲ್ಲಿಂದ ಹೊರಟ ಸರಕು ಅಲ್ಲಿಗೆ ತಲುಪಿರುವುದಿಲ್ಲ. ಅಲ್ಲಿಂದ ಕಳುಹಿಸಿದ ಹಣ ಇಲ್ಲಿ ಜಮೆಯಾಗಿರುವುದಿಲ್ಲ. 'ಮಾರ್ಗದಲ್ಲಿರುವ ಸರಕು', 'ಮಾರ್ಗದಲ್ಲಿರುವ ನಗದು' ಎಂದು ಎರಡು ನಮೂದುಗಳನ್ನು ಮಾಡಿದೊಡನೆ ಎರಡು ಪುಸ್ತಕಗಳೂ ಸರಿಹೊಂದುತ್ತವೆ.

ದೂರದಲ್ಲಿರುವ ನೌಕರರ ಮೇಲೆ ಮಾಲೀಕರಿಗೆ ಮೂಡುವ ಅವಿಶ್ವಾಸದ ಬಹುಭಾಗವೂ ಇಂತಹುದೇ ಎಂಬುದು ಸುಮಾರು ಮೂರು ದಶಕಗಳ ವೃತ್ತಿಯ ನಂತರ ನನಗೆ ಮನವರಿಕೆಯಾಗಿರುವ ಅಂಶ. ಹೇಳಬೇಕಾದ ಮಾತು ಮಾರ್ಗಮಧ್ಯದಲ್ಲಿಯೇ ನಿಂತಿರುತ್ತದೆ. ನಾವದನ್ನು ಕೊರತೆಯೆಂದು ಬರೆದುಕೊಳ್ಳುತ್ತೇವೆ.

2020ರ ನಂತರ ಈ ವಿಷಯವು ಕೇವಲ ದೊಡ್ಡ ಕಂಪನಿಗಳ ವಿಷಯವಾಗಿ ಉಳಿದಿಲ್ಲ. ಹೊರ ರಾಜ್ಯಗಳಲ್ಲಿ ಡಿಪೊ ಇಟ್ಟುಕೊಂಡಿರುವ ಸಣ್ಣ ಕೈಗಾರಿಕೋದ್ಯಮಿ, ಮನೆಯಿಂದಲೇ ಲೆಕ್ಕ ಬರೆಯುವ ಗುಮಾಸ್ತೆಯನ್ನು ನೇಮಿಸಿಕೊಂಡಿರುವ ಸಗಟು ವ್ಯಾಪಾರಿ, ಮೂರು ಜಿಲ್ಲೆಗಳಲ್ಲಿ ಮಾರಾಟ ಪ್ರತಿನಿಧಿಗಳನ್ನು ಬಿಟ್ಟಿರುವ ವಿತರಕ, ಇವರೆಲ್ಲರೂ ಕಣ್ಣಿಗೆ ಕಾಣದ ತಂಡವನ್ನು ನಡೆಸುತ್ತಿರುವವರೇ.

ಹುಂಡಿಯ ಪಾಠ

ದೂರದ ವ್ಯವಹಾರ ನಮ್ಮ ವರ್ತಕ ಸಮುದಾಯಕ್ಕೆ ಹೊಸದೇನಲ್ಲ. ಟೆಲಿಫೋನು, ತಂತಿಗಳು ಬರುವುದಕ್ಕೆ ಎಷ್ಟೋ ಮೊದಲೇ ಹುಂಡಿಯೆಂಬ ಒಂದು ತುಂಡು ಕಾಗದದ ಮೇಲೆ ಊರಿಂದೂರಿಗೆ ಹಣ ಸಾಗುತ್ತಿತ್ತು. 1881ರ ವರ್ಗಾವಣೀಯ ಪತ್ರಗಳ ಕಾಯಿದೆಯನ್ನು ರಚಿಸಿದಾಗಲೂ ದೇಶೀ ಭಾಷೆಗಳ ಪತ್ರಗಳಿಗೆ ಸಂಬಂಧಿಸಿದ ಸ್ಥಳೀಯ ರೂಢಿಗಳಿಗೆ ಧಕ್ಕೆಯಾಗದಂತೆ ಅದರ ಮೊದಲ ಪ್ರಕರಣದಲ್ಲಿಯೇ ಅವಕಾಶ ನೀಡಲಾಯಿತು. ಆದರೆ ಹುಂಡಿಯ ಪದ್ಧತಿ ಕುರುಡು ನಂಬಿಕೆಯ ಮೇಲೆ ನಿಂತಿರಲಿಲ್ಲ ಎಂಬುದನ್ನು ಗಮನಿಸಬೇಕು. 'ಶಾ ಜೋಗ್' ಹುಂಡಿಯ ಹಣವನ್ನು ಪೇಟೆಯಲ್ಲಿ ಗೌರವಸ್ಥನೆಂದು ಹೆಸರಾದ ವರ್ತಕನಿಗೆ ಮಾತ್ರ ಸಂದಾಯ ಮಾಡಬೇಕಿತ್ತು. ದರ್ಶನಿ ಹುಂಡಿಯನ್ನು ತೋರಿಸಿದಾಗ ಹಣ ಕೊಡಬೇಕು, ಮುದ್ದತಿ ಹುಂಡಿಗೆ ಗೊತ್ತಾದ ಅವಧಿಯಲ್ಲಿ ಕೊಡಬೇಕು. ಅಂದರೆ ಯಾರು, ಯಾವಾಗ, ಎಷ್ಟು ಎಂಬ ಮೂರೂ ಪ್ರಶ್ನೆಗಳಿಗೆ ಉತ್ತರ ಮೊದಲೇ ನಿಶ್ಚಿತವಾಗಿತ್ತು. ಆ ನಿಶ್ಚಿತತೆಯೇ ವಿಶ್ವಾಸದ ಬುನಾದಿ.

ಆಧುನಿಕ ಸಂಶೋಧನೆಯೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ. ಸಿರ್ಕಾ ಯಾರ್ವೆನ್‌ಪಾ ಮತ್ತು ಡೊರೋತಿ ಲೈಡ್ನರ್ ಎಂಬ ವಿದ್ವಾಂಸರು ಬೇರೆ ಬೇರೆ ದೇಶಗಳಲ್ಲಿದ್ದುಕೊಂಡು, ಒಬ್ಬರನ್ನೊಬ್ಬರು ಭೇಟಿಯಾಗದೆಯೇ ಒಟ್ಟಿಗೆ ಕೆಲಸ ಮಾಡಿದ ವಿದ್ಯಾರ್ಥಿ ತಂಡಗಳನ್ನು ಅಧ್ಯಯನ ಮಾಡಿ 1999ರಲ್ಲಿ ಪ್ರಬಂಧ ಪ್ರಕಟಿಸಿದರು. ಇಂತಹ ತಂಡಗಳಲ್ಲಿ ವಿಶ್ವಾಸವು ಬೇಗನೆ ಹುಟ್ಟಬಲ್ಲದು, ಆದರೆ ಅದು ಬಹಳ ನಾಜೂಕಾದುದು. ನಿಯಮಿತ ಸಂಪರ್ಕ ಮತ್ತು ಸಕಾಲಿಕ ಉತ್ತರಗಳು ಅದನ್ನು ಉಳಿಸಿಕೊಳ್ಳಲು ನೆರವಾಗುತ್ತವೆ ಎಂಬುದು ಅವರ ಅಧ್ಯಯನದ ತಿರುಳು.

ನನ್ನದೇ ಒಂದು ಅನುಭವ

ಈ ಮಾತನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಪಂಪ್‌ಸೆಟ್ ಬಿಡಿಭಾಗಗಳನ್ನು ತಯಾರಿಸುವ ನನ್ನ ಕಕ್ಷಿದಾರರೊಬ್ಬರು ನೆರೆ ರಾಜ್ಯದಲ್ಲಿ ಒಂದು ಡಿಪೊ ಹೊಂದಿದ್ದರು. ಮೊದಲು ಎರಡು ತಿಂಗಳಿಗೊಮ್ಮೆ ಅವರೇ ಹೋಗಿ ಬರುತ್ತಿದ್ದರು. 2020ರ ಮಾರ್ಚ್ ತಿಂಗಳ ಲಾಕ್‌ಡೌನ್ ನಂತರ ಪ್ರಯಾಣ ನಿಂತಿತು. ಪ್ರತಿದಿನ ಬೆಳಿಗ್ಗೆ ಒಂಬತ್ತಕ್ಕೆ ವಿಡಿಯೊ ಸಭೆ ಆರಂಭವಾಯಿತು. ಸಭೆಯಲ್ಲಿ ಒಂದೇ ವಿಷಯ, ವಸೂಲಿ. ಹಿಂದೆ ಬಿದ್ದವರಿಗೆ ಎಲ್ಲರ ಎದುರಿನಲ್ಲಿಯೇ ಬೈಗುಳ.

ಆ ವರ್ಷದ ಮಳೆಗಾಲದಲ್ಲಿ ಡಿಪೊದ ಗೋದಾಮಿನೊಳಕ್ಕೆ ನೀರು ನುಗ್ಗಿ ಹಿಂಬದಿಯ ಸಾಲುಗಳಲ್ಲಿದ್ದ ಸರಕು ತುಕ್ಕು ಹಿಡಿಯಿತು. ಡಿಪೊದ ಮೇಲ್ವಿಚಾರಕ ಅದನ್ನು ತಿಳಿಸಲಿಲ್ಲ. ರಿಯಾಯಿತಿ ದರದಲ್ಲಿ ಮಾರಿ ಹೇಗಾದರೂ ಸರಿದೂಗಿಸೋಣವೆಂದು ಕಾದನು. ದಾಸ್ತಾನು ಪಟ್ಟಿಯಲ್ಲಿ ಹಳೆಯ ಅಂಕಿಗಳೇ ಮುಂದುವರಿದವು.

ಆಂತರಿಕ ಲೆಕ್ಕಪರಿಶೋಧಕನಾಗಿದ್ದ ನಾನು 2021ರ ಮಾರ್ಚ್ ಅಂತ್ಯದ ದಾಸ್ತಾನನ್ನು ವಿಡಿಯೊ ಮೂಲಕ ಪರಿಶೀಲಿಸಿದೆ. ಆತ ಮೊಬೈಲ್ ಹಿಡಿದು ಗೋದಾಮಿನಲ್ಲಿ ನಡೆದಾಡಿದ. ನಾನು ಪೆಟ್ಟಿಗೆಗಳನ್ನು ಎಣಿಸಿದೆ. ಪೆಟ್ಟಿಗೆಗಳೇನೋ ಸರಿಯಾಗಿದ್ದವು. ಹಿಂದಿನ ಸಾಲಿನ ಒಂದನ್ನಾದರೂ ತೆರೆಯಿರಿ ಎಂದು ನಾನು ಹೇಳಲಿಲ್ಲ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯನ್ನು ಕಿರಿಯರಿಗೆ ಬೋಧಿಸುವ ನಾನೇ ಅಂದು ಅದನ್ನು ಮರೆತಿದ್ದೆ.

ಅಕ್ಟೋಬರಿನಲ್ಲಿ ಖುದ್ದಾಗಿ ಹೋದಾಗ ವಿಷಯ ಬಯಲಾಯಿತು. ವಿಮಾ ಕಂಪನಿಗೆ ಒಡನೆಯೇ ತಿಳಿಸದೆ ವರ್ಷ ಕಳೆದಿದ್ದರಿಂದ ಪರಿಹಾರದ ಆಸೆಯನ್ನೂ ಬಿಡಬೇಕಾಯಿತು. ಏಕೆ ಹೇಳಲಿಲ್ಲವೆಂದು ಕೇಳಿದಾಗ ಆತ ನೀಡಿದ ಉತ್ತರ ಇಂದಿಗೂ ನನ್ನ ಕಿವಿಯಲ್ಲಿದೆ: "ಸಾರ್, ಹೇಳೋಣವೆಂದು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಯಜಮಾನರು ವಸೂಲಿ ಎಷ್ಟಾಯಿತು ಎಂದೇ ಮಾತು ಶುರು ಮಾಡಿದರು."

ಸುಳ್ಳು ದಾಸ್ತಾನು ಪಟ್ಟಿ ಕೊಟ್ಟವನನ್ನು ಮುಂದುವರಿಸುವಂತಿರಲಿಲ್ಲ. ಆತನನ್ನು ಕೆಲಸದಿಂದ ಬಿಡಿಸಲಾಯಿತು. ಹಾಗೆಂದು ಸಲಹೆ ನೀಡಿದವನು ನಾನೇ. ಆದರೆ ತಪ್ಪಿನಲ್ಲಿ ಮೂವರ ಪಾಲಿತ್ತು: ಮುಚ್ಚಿಟ್ಟವನದು, ಕೇಳಿಸಿಕೊಳ್ಳದ ಮಾಲೀಕರದು, ತೆರೆದು ನೋಡದ ನನ್ನದು. ಶಿಕ್ಷೆ ಒಬ್ಬನಿಗೆ ಮಾತ್ರ ಆಯಿತು.

ಪರಿಶೀಲನೆ ಬೇರೆ, ಕಾವಲು ಬೇರೆ

ಇಂತಹ ಘಟನೆ ನಡೆದೊಡನೆ ಅನೇಕರು ಕಾವಲನ್ನು ಬಿಗಿಗೊಳಿಸುತ್ತಾರೆ. ಪ್ರತಿನಿಧಿಯ ಮೊಬೈಲ್‌ನಲ್ಲಿ ಆತ ಎಲ್ಲಿದ್ದಾನೆಂದು ತೋರಿಸುವ ಆ್ಯಪ್, ಗೋದಾಮಿನಲ್ಲಿ ಸಿಸಿಟಿವಿ, ಗಂಟೆಗೊಂದು ಸಂದೇಶ. ಇವುಗಳಿಗೆ ಅವುಗಳದೇ ಉಪಯೋಗವಿದೆ. ಆದರೆ ನೌಕರನು ಎಲ್ಲಿ ನಿಂತಿದ್ದಾನೆ ಎಂಬುದನ್ನು ಯಂತ್ರ ತಿಳಿಸಬಲ್ಲದೇ ಹೊರತು, ಗ್ರಾಹಕನು ಹೇಳಿದ ದೂರನ್ನು ಆತ ನಿಮಗೆ ಮುಟ್ಟಿಸುವನೇ ಎಂಬುದನ್ನು ತಿಳಿಸಲಾರದು. ನಮ್ಮ ಆ ಗೋದಾಮಿನಲ್ಲಿಯೂ ಸಿಸಿಟಿವಿ ಇತ್ತು.

"ನೀವು ಹೇಳುವಂತೆ ನಂಬಿ ಕುಳಿತರೆ ಅಂಗಡಿಗೆ ಬೀಗ ಹಾಕಬೇಕಾದೀತು" ಎಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪಣೆಯಲ್ಲಿ ತಥ್ಯವಿದೆ. ಆದರೆ ನಾನು ಪರಿಶೀಲನೆಯನ್ನು ಬಿಡಿರೆಂದು ಹೇಳುತ್ತಿಲ್ಲ. ಎಲ್ಲರಿಗೂ ಸಮಾನವಾಗಿ, ಮೊದಲೇ ತಿಳಿಸಿದ ನಿಯಮದಂತೆ ನಡೆಯುವ ಪರಿಶೀಲನೆಯಿಂದ ಯಾವ ಪ್ರಾಮಾಣಿಕನೂ ನೋಯುವುದಿಲ್ಲ. ಬದಲಾಗಿ ಅದು ಆತನಿಗೆ ರಕ್ಷಣೆ. ಕಂಪನಿಗಳು ಬಳಸುವ ಲೆಕ್ಕಪತ್ರದ ತಂತ್ರಾಂಶದಲ್ಲಿ ಪ್ರತಿಯೊಂದು ಬದಲಾವಣೆಯೂ ದಿನಾಂಕದೊಡನೆ ದಾಖಲಾಗಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಪಾಲುದಾರಿಕೆ ಹಾಗೂ ಏಕಮಾಲೀಕತ್ವದ ಸಂಸ್ಥೆಗಳಿಗೆ ಈ ನಿಯಮ ಅನ್ವಯಿಸದಿದ್ದರೂ ಅದನ್ನು ಸ್ವಇಚ್ಛೆಯಿಂದ ಅಳವಡಿಸಿಕೊಳ್ಳುವುದು ಲೇಸು. ದೂರದಲ್ಲಿ ಕುಳಿತು ಲೆಕ್ಕ ಬರೆಯುವವರ ಮೇಲೆ ನಾಳೆ ವಿನಾಕಾರಣ ಸಂಶಯ ಬರದಂತೆ ಅದು ತಡೆಯುತ್ತದೆ.

ಅನುಸರಿಸಬಹುದಾದ ಕೆಲವು ಕ್ರಮಗಳು

1. ದೂರದ ನೌಕರನು ನಿಮ್ಮನ್ನು ಕೇಳದೆ ಎಷ್ಟು ಖರ್ಚು ಮಾಡಬಹುದು, ಎಷ್ಟು ರಿಯಾಯಿತಿ ನೀಡಬಹುದು ಎಂಬುದನ್ನು ಲಿಖಿತವಾಗಿ ತಿಳಿಸಿರಿ. ಮಿತಿ ಗೊತ್ತಿಲ್ಲದವನು ಒಂದೋ ಸುಮ್ಮನಿರುತ್ತಾನೆ, ಇಲ್ಲವೇ ಮುಚ್ಚಿಡುತ್ತಾನೆ.

2. ಪ್ರತಿ ತಿಂಗಳೂ ಶಾಖೆಯ ಲೆಕ್ಕವನ್ನು ಪ್ರಧಾನ ಕಚೇರಿಯ ಲೆಕ್ಕದೊಡನೆ ತಾಳೆ ನೋಡಿರಿ. ವ್ಯತ್ಯಾಸ ಕಂಡರೆ ಮೊದಲು ವಿವರಣೆ ಕೇಳಿರಿ, ಆಪಾದನೆ ಆಮೇಲೆ.

3. ವಾರಕ್ಕೊಂದು ಕರೆಯನ್ನು ವಸೂಲಿಯ ಮಾತಿಲ್ಲದೆ ಮಾಡಿರಿ. "ಅಲ್ಲಿ ಏನು ತೊಂದರೆ ಇದೆ?" ಎಂಬುದೇ ಮೊದಲ ಪ್ರಶ್ನೆಯಾಗಿರಲಿ. ತೊಂದರೆಯನ್ನು ತಾನಾಗಿ ತಿಳಿಸಿದವನನ್ನು ಅದೇ ಕರೆಯಲ್ಲಿ ಗದರಿಸಬೇಡಿರಿ.

4. ಪ್ರಯಾಣ ಭತ್ಯೆ ಮತ್ತು ಖರ್ಚಿನ ಬಿಲ್ಲುಗಳನ್ನು ಗೊತ್ತಾದ ದಿನಕ್ಕೆ ಪಾವತಿ ಮಾಡಿರಿ. ಇದನ್ನು ಅತಿ ಮುಖ್ಯವೆಂದು ನಾನು ಭಾವಿಸುತ್ತೇನೆ. ಎರಡು ತಿಂಗಳು ತನ್ನ ಕೈಯಿಂದ ಪೆಟ್ರೋಲ್ ಹಾಕಿಸಿಕೊಂಡು ತಿರುಗುವ ಪ್ರತಿನಿಧಿಗೆ ಮಾಲೀಕರ ವಿಶ್ವಾಸದ ಮಾತು ರುಚಿಸುವುದಿಲ್ಲ.

5. ವರ್ಷಕ್ಕೆ ಎರಡು ಬಾರಿಯಾದರೂ ಖುದ್ದಾಗಿ ಹೋಗಿರಿ. ಗೋದಾಮಿನ ಹಿಂದಿನ ಸಾಲಿನಿಂದ ಪರಿಶೀಲನೆ ಆರಂಭಿಸಿರಿ. ಬಳಿಕ ಅಲ್ಲಿನವರೊಡನೆ ಕುಳಿತು ಊಟ ಮಾಡಿರಿ. ಈ ಎರಡರಲ್ಲಿ ಒಂದನ್ನು ಬಿಟ್ಟರೂ ಪ್ರಯಾಣ ಅರ್ಧ ವ್ಯರ್ಥ.

ಕೊನೆಯ ಮಾತು

2017ರ ಜುಲೈ 1ರಂದು ಜಾರಿಗೆ ಬಂದ ಜಿಎಸ್‌ಟಿ ಕಾನೂನು ಬೇರೆ ರಾಜ್ಯದಲ್ಲಿರುವ ನಮ್ಮದೇ ಡಿಪೊವನ್ನು 'ಭಿನ್ನ ವ್ಯಕ್ತಿ' ಎಂದು ಪರಿಗಣಿಸುತ್ತದೆ. ನಮ್ಮಿಂದ ನಮಗೇ ಸರಕು ಕಳುಹಿಸಿದರೂ ತೆರಿಗೆ ಬೀಜಕ ಬೇಕು. ಇದರ ಬಗ್ಗೆ ಗೊಣಗದ ವರ್ತಕರಿಲ್ಲ. ಆದರೆ ಈ ಕಲ್ಪನೆಯಲ್ಲಿ ನಮಗೊಂದು ಎಚ್ಚರಿಕೆಯೂ ಇದೆ. ದೂರದಲ್ಲಿರುವವನು ನಮ್ಮ ಕೈಕಾಲಿನಂತೆ ನಾವು ನೆನೆದೊಡನೆ ಚಲಿಸುವವನಲ್ಲ. ಆತನಿಗೆ ತನ್ನದೇ ಭಯ, ತನ್ನದೇ ಮರ್ಯಾದೆ ಇರುತ್ತವೆ. ಸರಕು ಕಳುಹಿಸುವಾಗ ಬೀಜಕ ಬರೆಯುವಷ್ಟೇ ಶ್ರದ್ಧೆಯಿಂದ ಮಾತನ್ನೂ ಕಳುಹಿಸಬೇಕು, ಬಂದ ಮಾತನ್ನು ಜಮೆ ಮಾಡಿಕೊಳ್ಳಬೇಕು.

ನಮ್ಮ ವಾಣಿಜ್ಯ ಸಂಸ್ಥೆಯು ಈ ವಿಷಯದ ಬಗ್ಗೆ ಸದಸ್ಯರಿಗಾಗಿ ಅರ್ಧ ದಿನದ ಕಾರ್ಯಾಗಾರವೊಂದನ್ನು ಏರ್ಪಡಿಸಿದರೆ, ಅದಕ್ಕೆ ಮಾಲೀಕರ ಜೊತೆಗೆ ಡಿಪೊಗಳ ಮೇಲ್ವಿಚಾರಕರನ್ನೂ ಆಹ್ವಾನಿಸಿದರೆ ಬಹಳ ಉಪಯುಕ್ತವಾದೀತು. ಅಲ್ಲಿಯವರೆಗೆ ಸದಸ್ಯ ಮಿತ್ರರಲ್ಲಿ ಒಂದೇ ವಿನಂತಿ. ಕಳೆದ ಮೂರು ತಿಂಗಳಲ್ಲಿ ನಿಮ್ಮ ದೂರದ ನೌಕರರು ತಾವಾಗಿಯೇ ತಿಳಿಸಿದ ಕೆಟ್ಟ ಸುದ್ದಿಗಳೆಷ್ಟು ಎಂದು ಲೆಕ್ಕ ಹಾಕಿ ನೋಡಿರಿ. ಒಂದೂ ಇಲ್ಲವೆಂದಾದರೆ ಎಲ್ಲವೂ ಸುಗಮವಾಗಿದೆಯೆಂದು ಸಂತೋಷಪಡದೆ, ಮುಂದಿನ ವಾರಕ್ಕೆ ರೈಲಿನ ಟಿಕೆಟ್ ಕಾಯ್ದಿರಿಸುವುದು ಒಳ್ಳೆಯದು.