ತಿಗಣೆ: ಮುಚ್ಚಿಟ್ಟಷ್ಟೂ ಹೆಚ್ಚುವ ಪೀಡೆ

ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್‌ಗಳಲ್ಲಿ ರಾತ್ರಿ ತಂಗುವವರು ಇಂದು ಒಂದೇ ಬಗೆಯ ಜನರಲ್ಲ. ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ಜಾತ್ರೆಗೆ ಬರುವ ಭಕ್ತರು, ಯಡಿಯೂರು ಸಿದ್ಧಲಿಂಗೇಶ್ವರನಿಗೆ ಹರಕೆ ತೀರಿಸಲು ಬರುವ ಕುಟುಂಬಗಳು, ದೇವರಾಯನದುರ್ಗದ ತಂಪಿಗೆಂದು ವಾರಾಂತ್ಯದಲ್ಲಿ ಬೆಂಗಳೂರು ಬಿಡುವವರು, ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೂ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಗೊಂಡ ಗುಬ್ಬಿ ತಾಲ್ಲೂಕಿನ ಹೆಲಿಕಾಪ್ಟರ್ ಕಾರ್ಖಾನೆಗೂ ಕೆಲಸದ ಮೇಲೆ ಬರುವ ನೌಕರರು, ಇವರೆಲ್ಲರ ಭಾರವನ್ನು ಲಾಡ್ಜ್, ಯಾತ್ರಿ ನಿವಾಸ, ಹೋಂಸ್ಟೇ, ಪಿ.ಜಿ. ಹಾಗೂ ಕಲ್ಯಾಣ ಮಂಟಪಗಳು ಹೊರುತ್ತಿವೆ. ಹಾಸಿಗೆಯೊಂದರ ಮೇಲೆ ಮಲಗುವವರು ಬದಲಾಗುತ್ತಿರುವಷ್ಟೂ ಅವರ ಚೀಲ, ಹೊದಿಕೆಗಳೊಡನೆ ತಿಗಣೆಯೂ ಬರುವ, ಹೋಗುವ ಅವಕಾಶ ಹೆಚ್ಚುತ್ತದೆ. ಆದರೆ ಈ ಪೀಡೆ ಉಳಿದುಕೊಂಡು ಬೆಳೆಯುವುದಕ್ಕೆ ಕೀಟದ ಚಾಲಾಕಿತನಕ್ಕಿಂತ ಮುಖ್ಯ ಕಾರಣ ಮನುಷ್ಯರ ಸಂಕೋಚ. ಮಾಲೀಕರು ಮರ್ಯಾದೆಗೆ ಅಂಜಿ ವಿಷಯ ಮುಚ್ಚಿಡುತ್ತಾರೆ, ಅತಿಥಿಗಳು ಬೆಳಗಾಗುತ್ತಲೇ ಸದ್ದಿಲ್ಲದೆ ಕೋಣೆ ಖಾಲಿ ಮಾಡುತ್ತಾರೆ, ಸ್ಥಳೀಯ ಸಂಸ್ಥೆಗಳು ಇದನ್ನು ತಮ್ಮ ಕೆಲಸವೆಂದೇ ಎಣಿಸುವುದಿಲ್ಲ.

ತಿಗಣೆಯ ಬದುಕಿನ ಕ್ರಮವನ್ನು ತಿಳಿದರೆ ಈ ಮೌನ ಎಷ್ಟು ದುಬಾರಿ ಎಂಬುದು ಸ್ಪಷ್ಟವಾಗುತ್ತದೆ. ಮನುಷ್ಯರನ್ನು ಕಾಡುವ ತಿಗಣೆಯಲ್ಲಿ ಮುಖ್ಯವಾಗಿ ಎರಡು ಪ್ರಭೇದಗಳಿದ್ದು, ಸೈಮೆಕ್ಸ್ ಲೆಕ್ಚುಲೇರಿಯಸ್ ಎಂಬುದು ಸಮಶೀತೋಷ್ಣ ದೇಶಗಳಲ್ಲಿಯೂ ಸೈಮೆಕ್ಸ್ ಹೆಮಿಪ್ಟೆರಸ್ ಎಂಬುದು ಭಾರತದಂಥ ಉಷ್ಣ ದೇಶಗಳಲ್ಲಿಯೂ ಹೆಚ್ಚಾಗಿ ಕಂಡುಬರುತ್ತದೆ. ಬೆಳೆದ ತಿಗಣೆ 5ರಿಂದ 7 ಮಿ.ಮೀ. ಉದ್ದವಿದ್ದು, ಚಪ್ಪಟೆಯಾದ ಕೆಂಗಂದು ದೇಹ ಹೊಂದಿರುತ್ತದೆ. ಅದಕ್ಕೆ ಹಾರಲು ಬಾರದು. ಹೆಣ್ಣು ದಿನಕ್ಕೆ ಒಂದರಿಂದ ಐದರಂತೆ ತನ್ನ ಜೀವಿತಾವಧಿಯಲ್ಲಿ ನೂರಾರು ಮೊಟ್ಟೆಗಳನ್ನು ಮರದ ಬಿರುಕು, ಹಾಸಿಗೆಯ ಹೊಲಿಗೆಗಳಲ್ಲಿ ಅಂಟಿಸಿಡುತ್ತದೆ. ಬೆಚ್ಚಗಿನ ಹವೆಯಲ್ಲಿ 6ರಿಂದ 10 ದಿನಗಳೊಳಗೆ ಹೊರಬರುವ ಮರಿಗಳು ಪ್ರೌಢಾವಸ್ಥೆಗೆ ಬರುವ ಮುನ್ನ ಐದು ಬಾರಿ ಪೊರೆ ಕಳಚಬೇಕಾಗಿದ್ದು, ಪ್ರತಿ ಬಾರಿಯೂ ಅದಕ್ಕೆ ಮುಂಚೆ ರಕ್ತ ಹೀರಲೇಬೇಕು. ಆಹಾರವಿಲ್ಲದೆಯೂ ತಿಂಗಳುಗಟ್ಟಲೆ ಬದುಕಬಲ್ಲ ಕೀಟವಾದ್ದರಿಂದ, ಜಾತ್ರೆ ಮುಗಿದ ಮೇಲೆ ಕೋಣೆಗೆ ಬೀಗ ಹಾಕಿದರೆ ತಿಗಣೆ ತಾನಾಗಿ ಸಾಯುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಅದೇ ರೀತಿ, ತಿಗಣೆ ಬಂದಿದೆ ಎಂದರೆ ಆ ಜಾಗ ಕೊಳಕು ಎಂಬ ಅಭಿಪ್ರಾಯವೂ ತಪ್ಪು. ಅದಕ್ಕೆ ಬೇಕಾದುದು ಮಲಗುವ ಮನುಷ್ಯ ಮತ್ತು ಅಡಗುವ ಸಂದಿ ಮಾತ್ರ. 2023ರ ಶರತ್ಕಾಲದಲ್ಲಿ ಪ್ಯಾರಿಸ್ ನಗರದ ಹೋಟೆಲು, ರೈಲು, ಚಿತ್ರಮಂದಿರಗಳು ತಿಗಣೆಯ ಭೀತಿಯಿಂದ ಜಗತ್ತಿಗೆಲ್ಲ ಸುದ್ದಿಯಾದದ್ದನ್ನು ನೆನೆದರೆ ಕುಣಿಗಲ್‌ನ ಲಾಡ್ಜ್ ಮಾಲೀಕರೊಬ್ಬರು ನಾಚಿಕೊಳ್ಳಬೇಕಾದ ಅಗತ್ಯವೇನೂ ಕಾಣುವುದಿಲ್ಲ.

ಇನ್ನೊಂದೆಡೆ, ಮೈಮೇಲೆ ಎದ್ದ ಗಂದೆಗಳನ್ನೇ ತಿಗಣೆಯ ಸಾಕ್ಷಿಯೆಂದು ಭಾವಿಸುವುದೂ ಸರಿಯಲ್ಲ. ಸೊಳ್ಳೆ, ಚಿಗಟಗಳ ಕಡಿತವೂ ಕಜ್ಜಿಯ ತುರಿಕೆಯೂ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತವೆ. ಕೆಲವರ ಚರ್ಮ ತಿಗಣೆ ಕಡಿತಕ್ಕೆ ಪ್ರತಿಕ್ರಿಯಿಸುವುದೇ ಇಲ್ಲ, ಇನ್ನು ಕೆಲವರಲ್ಲಿ ಗಂದೆ ಏಳಲು ಹಲವು ದಿನ ಬೇಕಾಗುತ್ತದೆ. ಹೀಗಾಗಿ ಊರಿಗೆ ಮರಳಿದ ಮೇಲೆ ತುರಿಕೆ ಶುರುವಾದರೆ ಅದು ತುಮಕೂರಿನ ಲಾಡ್ಜಿನದೋ, ದಾರಿಯ ಸ್ಲೀಪರ್ ಬಸ್ಸಿನದೋ ಎಂದು ಹೇಳುವುದು ಕಷ್ಟ. ನಿಜವಾದ ಸಾಕ್ಷಿ ಇರುವುದು ಹಾಸಿಗೆಯಲ್ಲಿ. ತಲೆಯ ಕಡೆಯ ಮೂಲೆಯಲ್ಲಿ ಹೊದಿಕೆಯನ್ನು ಮೇಲೆತ್ತಿ, ಹಾಸಿಗೆಯ ಅಂಚಿನ ಹುರಿಹೊಲಿಗೆಯನ್ನು ಬೆರಳಿನಿಂದ ಬಿಡಿಸಿ, ಮೊಬೈಲ್ ಬೆಳಕನ್ನು ಓರೆಯಾಗಿ ಹಿಡಿದು ನೋಡಿದರೆ, ಪೆನ್ನಿನ ಮಸಿ ತಾಗಿದಂತಹ ಕಪ್ಪು ಚುಕ್ಕಿಗಳು ಗುಂಪಾಗಿ ಕಾಣುತ್ತವೆ. ಅವು ತಿಗಣೆ ಹೀರಿ ಅರಗಿಸಿದ ರಕ್ತದ ಕಲೆಗಳಾಗಿದ್ದು, ಒದ್ದೆ ಹತ್ತಿಯಿಂದ ಒರೆಸಿದರೆ ತುಕ್ಕಿನ ಬಣ್ಣದಲ್ಲಿ ಹರಡುತ್ತವೆ. ಅವುಗಳ ಬಳಿ ಕಳಚಿಬಿದ್ದ ತೆಳು ಪೊರೆಗಳೂ ಒಂದು ಮಿ.ಮೀ. ಉದ್ದದ ಬಿಳಿ ಮೊಟ್ಟೆಗಳೂ ಸಿಗಬಹುದು. ಪ್ಲೈವುಡ್ ತಲೆಹಲಗೆಯ ಸ್ಕ್ರೂ ರಂಧ್ರ, ಮಂಚದ ಅಡ್ಡಪಟ್ಟಿಯ ಕೂಡು, ಗೋಡೆಯ ದೇವರ ಪಟದ ಹಿಂಬದಿ, ಪರದೆಯ ಮೇಲ್ಮಡಿಕೆ, ಈ ಭಾಗದಲ್ಲಿ ಸಾಮಾನ್ಯವಾದ ತೆಂಗಿನ ನಾರಿನ ಹಾಸಿಗೆಯ ಹರಿದ ಅಂಚು, ಇವು ನೋಡಲೇಬೇಕಾದ ಇತರ ಜಾಗಗಳು. ಐದು ನಿಮಿಷದ ಈ ಪರೀಕ್ಷೆ ಅತಿಥಿಯನ್ನು ಕಡಿತದಿಂದಲೂ ಮಾಲೀಕನನ್ನು ಸುಳ್ಳು ಆರೋಪದಿಂದಲೂ ಕಾಪಾಡುತ್ತದೆ.

ಬಾಡಿಗೆ ಹಾಸಿಗೆಯ ಮಾತು ಬಂದಾಗ ಲಾಡ್ಜ್‌ಗಳನ್ನಷ್ಟೇ ಹೆಸರಿಸುವುದು ಅರ್ಧ ಸತ್ಯವಾಗುತ್ತದೆ. ಮದುವೆಯ ಹಿಂದಿನ ರಾತ್ರಿ ಕಲ್ಯಾಣ ಮಂಟಪಗಳಲ್ಲಿ ತಂಗುವ ನೆಂಟರಿಗೆ ಶಾಮಿಯಾನ ಅಂಗಡಿಯಿಂದ ಹಾಸಿಗೆ, ದಿಂಬು, ಜಮಖಾನಗಳನ್ನು ತರಿಸುವುದು ರೂಢಿಯಾಗಿದ್ದು, ಮುಹೂರ್ತಗಳು ಒತ್ತಾಗಿ ಬರುವ ತಿಂಗಳುಗಳಲ್ಲಿ ಒಂದೇ ಕಟ್ಟು ಹಾಸಿಗೆ ಇಂದು ಗುಬ್ಬಿಯಲ್ಲಿ, ನಾಳೆ ನಿಟ್ಟೂರಿನಲ್ಲಿ, ಮತ್ತೆರಡು ದಿನಕ್ಕೆ ತುಮಕೂರಿನಲ್ಲಿ ಹಾಸಲ್ಪಡಬಹುದು. ನಡುವೆ ಅದನ್ನು ತೊಳೆಯುವ, ಪರೀಕ್ಷಿಸುವ ಹೊಣೆ ಮಂಟಪದವರದೋ, ಅಂಗಡಿಯವರದೋ, ಮದುವೆ ಮನೆಯವರದೋ ಎಂಬುದು ಎಲ್ಲಿಯೂ ನಿಗದಿಯಾಗಿರುವುದಿಲ್ಲ. ಲಾಡ್ಜ್‌ನಲ್ಲಿ ಕನಿಷ್ಠ ಒಬ್ಬ ಮಾಲೀಕ, ಒಂದು ರಸೀದಿ, ಒಂದು ಕೋಣೆ ಸಂಖ್ಯೆ ಇರುತ್ತವೆ. ಸಂಚಾರಿ ಹಾಸಿಗೆಗೆ ಅದಾವುದೂ ಇಲ್ಲವಾದ್ದರಿಂದ ತಿಗಣೆಯ ಪ್ರಸಾರದಲ್ಲಿ ಅದರ ಪಾತ್ರ ಕಣ್ಣಿಗೆ ಬೀಳುವುದೇ ಇಲ್ಲ.

ಹಣ ಕೊಟ್ಟು ಪಡೆದ ವಸತಿಯ ವಿಷಯದಲ್ಲಾದರೋ ಕಾನೂನು ಮೌನವಾಗಿಲ್ಲ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಊಟ ಮತ್ತು ವಸತಿಯನ್ನು ‘ಸೇವೆ’ಯ ವ್ಯಾಖ್ಯೆಯೊಳಗೆ ಸ್ಪಷ್ಟವಾಗಿ ಸೇರಿಸಿದ್ದು, ನಿರೀಕ್ಷಿತ ಗುಣಮಟ್ಟಕ್ಕೆ ಕೊರತೆಯಾದರೆ ಅದನ್ನು ಸೇವಾ ನ್ಯೂನತೆ ಎಂದು ಕರೆಯುತ್ತದೆ. ದೂರನ್ನು ಎರಡು ವರ್ಷದೊಳಗೆ ಸಲ್ಲಿಸಬಹುದು, ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ಸಲ್ಲಿಸಬಹುದು, ಪಾವತಿಸಿದ ಮೊತ್ತ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಇದು ಕಾಗದದ ಮೇಲಿನ ಹಕ್ಕು ಮಾತ್ರವಲ್ಲ ಎಂಬುದಕ್ಕೆ ಕರಾವಳಿಯ ಪ್ರಕರಣವೊಂದು ನಿದರ್ಶನ. 2022ರ ಆಗಸ್ಟ್‌ನಲ್ಲಿ ಮಂಗಳೂರಿನಿಂದ ಬೆಂಗಳೂರಿಗೆ ಖಾಸಗಿ ಸ್ಲೀಪರ್ ಬಸ್ಸಿನಲ್ಲಿ ಹೊರಟ ಮಹಿಳೆಯೊಬ್ಬರು ತಿಗಣೆ ಕಡಿತಕ್ಕೆ ಒಳಗಾಗಿ ದೂರು ಸಲ್ಲಿಸಿದಾಗ, ದಕ್ಷಿಣ ಕನ್ನಡ ಜಿಲ್ಲಾ ಗ್ರಾಹಕರ ಆಯೋಗವು ಸುಮಾರು 1.29 ಲಕ್ಷ ರೂಪಾಯಿ ನೀಡುವಂತೆ ಆದೇಶಿಸಿತು. ಒಂದು ರಾತ್ರಿಯ ಬಸ್ ಪ್ರಯಾಣಕ್ಕೆ ಅನ್ವಯಿಸಿದ ತರ್ಕ ಒಂದು ರಾತ್ರಿಯ ಕೋಣೆಗೂ ಅನ್ವಯಿಸಬಹುದು ಎಂಬುದನ್ನು ವಸತಿ ನಡೆಸುವವರು ಗಮನಿಸಬೇಕು. ಆದರೆ ಈ ಕಾಯ್ದೆಗೂ ಒಂದು ಎಲ್ಲೆಯಿದ್ದು, ಉಚಿತವಾಗಿ ಒದಗಿಸುವ ಸೇವೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದ ಹಣ ಪಡೆಯದ ಛತ್ರಗಳಲ್ಲಿ ಮಲಗುವ ಬಡ ಯಾತ್ರಿಕರಿಗೆ ಪರಿಹಾರದ ಹಾದಿ ಕಿರಿದಾಗಿಯೇ ಉಳಿಯುತ್ತದೆ.

ಪರಿಹಾರದ ಭಯ ಮಾಲೀಕರನ್ನು ತಪ್ಪು ದಾರಿಗೆ ದೂಡಬಾರದು. ತಿಗಣೆ ರೋಗ ಹರಡುವ ಕೀಟವೆಂದು ಸಿದ್ಧವಾಗಿಲ್ಲ. ಅದರಿಂದ ತುರಿಕೆ, ಅಲರ್ಜಿ, ನಿದ್ರಾಭಂಗ, ಕೆರೆದುಕೊಂಡ ಗಾಯದ ಸೋಂಕು ಉಂಟಾಗುತ್ತವೆಯೇ ಹೊರತು ಪ್ರಾಣಾಪಾಯ ತೀರಾ ಅಪರೂಪ. ಅದನ್ನು ಕೊಲ್ಲಲು ಬಳಸುವ ವಿಷದ ಬಗ್ಗೆ ಹಾಗೆ ಹೇಳಲಾಗದು. 2023ರ ಆಗಸ್ಟ್ ಆರಂಭದಲ್ಲಿ ಬೆಂಗಳೂರಿನ ವಸಂತನಗರದಲ್ಲಿ, ಊರಿಗೆ ಹೋಗಿದ್ದ ಕುಟುಂಬವೊಂದು ಕೀಟನಾಶಕ ಸಿಂಪಡಿಸಲಾಗಿದ್ದ ತಮ್ಮ ಬಾಡಿಗೆ ಮನೆಗೆ ಮರಳಿ ಮಲಗಿದ ಮೇಲೆ ಎಂಟು ವರ್ಷದ ಬಾಲಕಿ ಅಸ್ವಸ್ಥಳಾಗಿ ಮೃತಪಟ್ಟಳು, ಹೆತ್ತವರು ಆಸ್ಪತ್ರೆ ಸೇರಿದರು. 2025ರ ಅಕ್ಟೋಬರ್‌ನಲ್ಲಿ ಅದೇ ನಗರದ ಪಿ.ಜಿ.ಯೊಂದರಲ್ಲಿ ತಿಗಣೆಗೆಂದು ಔಷಧ ಹೊಡೆದಿದ್ದ ಕೋಣೆಯಲ್ಲಿ ಯುವಕನೊಬ್ಬ ಸಾವಿಗೀಡಾದದ್ದು ವರದಿಯಾಯಿತು. ದವಸದ ಹುಳು ಕೊಲ್ಲಲು ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಗಾಳಿಯ ತೇವಕ್ಕೆ ತಾಗಿದೊಡನೆ ಫಾಸ್ಫೀನ್ ಎಂಬ ಮಾರಕ ಅನಿಲವನ್ನು ಬಿಡುಗಡೆ ಮಾಡುತ್ತದೆ ಮತ್ತು ಆ ಅನಿಲಕ್ಕೆ ಪ್ರತಿವಿಷವಿಲ್ಲ. ಉಗ್ರಾಣಕ್ಕೆ ಮೀಸಲಾದ ಇಂಥ ಮಾತ್ರೆಯನ್ನು ಮಲಗುವ ಕೋಣೆಯೊಳಗೆ ತರುವುದು ತುರಿಕೆಯನ್ನು ತಪ್ಪಿಸಲು ಜೀವವನ್ನೇ ಪಣಕ್ಕಿಟ್ಟಂತೆ. ಕೀಟ ನಿಯಂತ್ರಣವನ್ನು ವೃತ್ತಿಯಾಗಿ ನಡೆಸುವವರು ಕೀಟನಾಶಕ ನಿಯಮಗಳ ಪ್ರಕಾರ ಪರವಾನಗಿ ಹೊಂದಿರಬೇಕು. ಅದಕ್ಕೆ ಕೃಷಿ ಅಥವಾ ರಸಾಯನವಿಜ್ಞಾನದ ಪದವಿಯೊಂದಿಗೆ ನಿಗದಿತ ಸಂಸ್ಥೆಯ ತರಬೇತಿ ಬೇಕಾಗಿದ್ದು, ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಅಂಥ ಸಂಸ್ಥೆಗಳಲ್ಲೊಂದು. ಹೀಗಿರುವಾಗ ರೂಮ್ ಬಾಯ್‌ನ ಕೈಗೆ ಸ್ಪ್ರೇ ಡಬ್ಬಿ ಕೊಟ್ಟು ಕಳುಹಿಸುವ ಪದ್ಧತಿಗೆ ಯಾವ ಸಮರ್ಥನೆಯೂ ಇಲ್ಲ.

ವಿಷ ಅಪಾಯಕಾರಿ ಮಾತ್ರವಲ್ಲ, ಅನೇಕ ವೇಳೆ ನಿಷ್ಫಲವೂ ಹೌದು. ಎರಡನೆಯ ಮಹಾಯುದ್ಧದ ಬಳಿಕ ತಿಗಣೆಗೆ ರಾಮಬಾಣವೆನಿಸಿದ್ದ ಡಿ.ಡಿ.ಟಿ.ಯನ್ನು ಸಹಿಸಿಕೊಳ್ಳಬಲ್ಲ ತಿಗಣೆಗಳು 1947ರಷ್ಟು ಹಿಂದೆಯೇ ಹವಾಯಿಯಲ್ಲಿ ಪತ್ತೆಯಾದವು. ಅದರ ಜಾಗಕ್ಕೆ ಬಂದ ಪೈರೆಥ್ರಾಯ್ಡ್‌ಗಳಿಗೂ, ಅಂದರೆ ಪೈರೆಥ್ರಮ್ ಹೂವಿನ ಕೀಟನಾಶಕ ಸತ್ತ್ವದ ಮಾದರಿಯಲ್ಲಿ ತಯಾರಿಸಿದ ಕೃತಕ ರಾಸಾಯನಿಕಗಳಿಗೂ, ಈಗ ಹಲವು ದೇಶಗಳ ತಿಗಣೆಗಳು ಒಗ್ಗಿಹೋಗಿವೆ. ಬದಲಿಗೆ ಶಾಖಕ್ಕೆ ಈ ಕೀಟ ಒಗ್ಗಿಕೊಂಡಿಲ್ಲ. ಸುಮಾರು 50 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಸಂದಿಗೊಂದಿಗಳೊಳಗೂ ತಲುಪಿ ಸಾಕಷ್ಟು ಹೊತ್ತು ನಿಂತರೆ ತಿಗಣೆಯೂ ಮೊಟ್ಟೆಯೂ ಸಾಯುತ್ತವೆ. ಹೊದಿಕೆ, ದಿಂಬಿನ ಚೀಲಗಳನ್ನು 60 ಡಿಗ್ರಿಯ ಬಿಸಿನೀರಿನಲ್ಲಿ ತೊಳೆಯುವುದು, ಮಂಚದ ಕೂಡುಗಳಿಗೆ ಹಬೆ ಹಾಯಿಸುವುದು, ಹಾಸಿಗೆಗೆ ಜಿಪ್ ಇರುವ ಪೂರ್ಣ ಕವಚ ತೊಡಿಸುವುದು, ಬಿರುಕುಗಳನ್ನು ಮುಚ್ಚುವುದು, ಇವು ದುಬಾರಿಯಲ್ಲದ ಮತ್ತು ಫಲ ಕೊಡುವ ಕ್ರಮಗಳು. ಹಿಂದಿನವರು ಮಂಚವನ್ನು ಅಂಗಳಕ್ಕೆ ಎಳೆದು ಕುದಿನೀರು ಸುರಿಯುತ್ತಿದ್ದುದರಲ್ಲಿಯೂ ಇದೇ ತತ್ತ್ವವಿತ್ತು. ಆದರೆ ದಪ್ಪ ಹಾಸಿಗೆಯನ್ನು ಬರೀ ಬಿಸಿಲಿಗೆ ಒಡ್ಡಿದರೆ ಒಳಪದರ ಅಷ್ಟು ಕಾಯುವುದಿಲ್ಲ, ಕೀಟಗಳು ನೆರಳಿನ ಬದಿಗೆ ಸರಿದುಕೊಳ್ಳುತ್ತವೆ. ಉಳಿದುಹೋದ ಮೊಟ್ಟೆಗಳು ಒಡೆಯುವ ಅವಧಿಯನ್ನು ಲೆಕ್ಕ ಹಾಕಿ ಎರಡು ವಾರಗಳ ಬಳಿಕ ಇಡೀ ಕೆಲಸವನ್ನು ಪುನರಾವರ್ತಿಸದಿದ್ದರೆ ಮೊದಲ ಶ್ರಮ ವ್ಯರ್ಥವಾಗುತ್ತದೆ.

ಆಡಳಿತದ ಕಣ್ಣಿಗೆ ತಿಗಣೆ ಬೀಳದಿರುವುದಕ್ಕೂ ಕಾರಣವಿದೆ. ಕೀಟಗಳಿಂದ ಹರಡುವ ರೋಗಗಳ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮವು ಮಲೇರಿಯಾ, ಡೆಂಗಿ, ಚಿಕುನ್‌ಗುನ್ಯಾ, ಆನೆಕಾಲು, ಜಪಾನೀಸ್ ಎನ್ಸೆಫಲೈಟಿಸ್ ಹಾಗೂ ಕಾಲಾ ಆಜಾರ್ ಎಂಬ ಆರು ರೋಗಗಳನ್ನು ಗುರಿಯಾಗಿಸಿಕೊಂಡಿರುವುದರಿಂದ, ರೋಗ ತಾರದ ತಿಗಣೆ ಸಹಜವಾಗಿಯೇ ಆ ಲೆಕ್ಕದಿಂದ ಹೊರಗುಳಿದಿದೆ. ಆದರೆ ವಸತಿಗಳ ಮೇಲ್ವಿಚಾರಣೆ ಆರೋಗ್ಯ ಇಲಾಖೆಯ ಕೆಲಸ ಮಾತ್ರವಲ್ಲ. ತುಮಕೂರಿನಲ್ಲಿ ಮಹಾನಗರ ಪಾಲಿಕೆ, ಕುಣಿಗಲ್‌ನಲ್ಲಿ ಪುರಸಭೆ, ಗುಬ್ಬಿಯಲ್ಲಿ ಪಟ್ಟಣ ಪಂಚಾಯಿತಿ, ಯಡಿಯೂರಿನಂಥ ಕ್ಷೇತ್ರಗಳಲ್ಲಿ ಗ್ರಾಮ ಪಂಚಾಯಿತಿ ಇದ್ದು, ಉದ್ದಿಮೆ ಪರವಾನಗಿಯ ನವೀಕರಣವೇ ಅವುಗಳ ಕೈಯಲ್ಲಿರುವ ಸಾಧನ. ತಿಂಗಳಿಗೊಮ್ಮೆ ಪ್ರತಿ ಕೋಣೆಯ ಹಾಸಿಗೆ ಪರೀಕ್ಷಿಸಿದ ದಾಖಲೆ ಪುಸ್ತಕ, ಕೀಟ ನಿಯಂತ್ರಕರ ಪರವಾನಗಿ ಸಂಖ್ಯೆ, ಔಷಧ ಬಳಸಿದ ಕೋಣೆಯನ್ನು ಇಂತಿಷ್ಟು ಹೊತ್ತು ಮುಚ್ಚಿಡುವ ನಿಯಮ, ದೂರು ಬಂದ ದಿನವೇ ಬೇರೆ ಕೋಣೆ ಅಥವಾ ಹಣ ವಾಪಸಿನ ಭರವಸೆ, ಇವಿಷ್ಟನ್ನು ನವೀಕರಣದ ಷರತ್ತಾಗಿಸಿ, ಶಾಮಿಯಾನ ಅಂಗಡಿಗಳ ಹಾಸಿಗೆಗಳಿಗೂ ಅನ್ವಯಿಸಿದರೆ ಹೊಸ ಇಲಾಖೆಯೂ ಬೇಡ, ಹೊಸ ಅನುದಾನವೂ ಬೇಡ. ದೂರು ಕೊಟ್ಟವರಿಗಲ್ಲ, ದೂರನ್ನು ಮುಚ್ಚಿಟ್ಟವರಿಗೆ ದಂಡ ಬೀಳುವಂತಾದರೆ ಪ್ರಾಮಾಣಿಕ ಮಾಲೀಕನಿಗೂ ಅದು ರಕ್ಷಣೆಯಾಗುತ್ತದೆ.

ಅತಿಥಿಯ ಪಾಲಿನ ಕರ್ತವ್ಯವೂ ಕಡಿಮೆಯದಲ್ಲ. ಕೋಣೆಗೆ ಕಾಲಿಟ್ಟೊಡನೆ ಚೀಲವನ್ನು ಮಂಚದ ಮೇಲೆಸೆಯದೆ ಸ್ನಾನದ ಮನೆಯ ಟೈಲ್ಸ್ ನೆಲದ ಮೇಲಿರಿಸಿ, ಹಾಸಿಗೆಯ ಪರೀಕ್ಷೆ ಮುಗಿಸುವುದು ಮೊದಲ ಹೆಜ್ಜೆ. ಅನುಮಾನ ಬಂದರೆ ಚುಕ್ಕಿಗಳ ಫೋಟೊ ತೆಗೆದು, ಸಿಕ್ಕ ಕೀಟವನ್ನು ಪಾರದರ್ಶಕ ಟೇಪಿನಲ್ಲಿ ಕಾಗದಕ್ಕೆ ಅಂಟಿಸಿ, ವ್ಯವಸ್ಥಾಪಕರಿಗೆ ವಾಟ್ಸ್‌ಆ್ಯಪ್ ಮೂಲಕವಾದರೂ ಬರಹದಲ್ಲಿ ತಿಳಿಸಿ, ಅಕ್ಕಪಕ್ಕದ್ದಲ್ಲದ ಬೇರೆ ಕೋಣೆಯನ್ನು ಕೇಳಬೇಕು. ಬಿಲ್ಲನ್ನೂ ವೈದ್ಯರ ಚೀಟಿಯನ್ನೂ ಜೋಪಾನವಾಗಿಟ್ಟು, ಸ್ಪಂದನ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಮನೆಗೆ ಮರಳಿದ ಮೇಲೆ ಬಟ್ಟೆಗಳನ್ನು ಕಟ್ಟಿದ ಪ್ಲಾಸ್ಟಿಕ್ ಚೀಲದಿಂದ ನೇರವಾಗಿ ಬಿಸಿನೀರಿಗೆ ಹಾಕದಿದ್ದರೆ, ಲಾಡ್ಜ್‌ನ ತಪ್ಪು ಸ್ವಂತ ಮನೆಯ ಪೀಡೆಯಾಗುತ್ತದೆ. ತಿಗಣೆ ಕಂಡದ್ದು ಯಾರ ಪಾಲಿಗೂ ಅಪಮಾನವಲ್ಲ, ಕಂಡದ್ದನ್ನು ಹೇಳದಿರುವುದು ಮಾತ್ರ ಮುಂದಿನ ರಾತ್ರಿ ಅದೇ ಹಾಸಿಗೆಯಲ್ಲಿ ಮಲಗುವವರಿಗೆ ಮಾಡುವ ಅನ್ಯಾಯ.